ಮತ್ಸರ ಸರಿಯಾಯಿತು, ಉಪನ್ಯಾಸ ತಪ್ಪಿತು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಅಧ್ಯಾಪಕರಿಗೆ ಒಂದು ಕೆಲಸ ಹೆಚ್ಚು. ಪಾಠ ಮಾಡುವುದು ಕನ್ನಡದಲ್ಲಿ, ಮೇಲಿನಿಂದ ಬರುವ ಸುತ್ತೋಲೆಗಳು ಹೆಚ್ಚಿನವೂ ಮಲಯಾಳದಲ್ಲಿ. ನಮ್ಮ ಶಾಲೆಯಲ್ಲಿ ಅವನ್ನು ಕನ್ನಡಕ್ಕೆ ತರುವ ಕೆಲಸ ಬಹಳ ವರ್ಷ ಒಬ್ಬ ಹಿರಿಯ ಮಾಷ್ಟ್ರದ್ದೇ ಆಗಿತ್ತು. ಅವರು ನಿವೃತ್ತರಾದ ಮೇಲೆ ಸ್ಟಾಫ್ ರೂಮಿನಲ್ಲಿ ಮಲಯಾಳ ಸಲೀಸಾಗಿ ಓದುವವರು ಯಾರೂ ಉಳಿಯಲಿಲ್ಲ. ಮಾತಾಡುತ್ತೇವೆ, ಬಸ್ಸಿನ ಬೋರ್ಡು ಓದುತ್ತೇವೆ, ಅಷ್ಟೆ.

2024ರಲ್ಲಿ ಕೇರಳದ ಕೈಟ್ ಸಂಸ್ಥೆ ಅಧ್ಯಾಪಕರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ ಕೊಟ್ಟಿತು. ಅದೇ ವರ್ಷ ಏಳನೆಯ ತರಗತಿಯ ಐಸಿಟಿ ಪುಸ್ತಕಕ್ಕೂ ಅದರ ಪಾಠ ಬಂತು. ಹೊಸ ಹುರುಪಿನಲ್ಲಿ ನಾವು ಮಾಡಿದ ಮೊದಲ ಕೆಲಸವೆಂದರೆ ಸುತ್ತೋಲೆಯ ಫೋಟೋ ತೆಗೆದು ಮೊಬೈಲಿಗೆ ಕೊಟ್ಟದ್ದು. ಅರ್ಧ ನಿಮಿಷದಲ್ಲಿ ಕನ್ನಡ ತಯಾರು! ಮಾಷ್ಟ್ರು ಒಂದು ಸಂಜೆ ಕೂತು ಮಾಡುತ್ತಿದ್ದ ಕೆಲಸ.

ಹಾಗೆ ಒಂದು ದಿನ ಬಂದದ್ದು 'ಉಪನ್ಯಾಸ ಮತ್ಸರಂ' ಎಂಬ ಸೂಚನೆ. ಮಲಯಾಳದಲ್ಲಿ ಮತ್ಸರವೆಂದರೆ ಸ್ಪರ್ಧೆ. ಯಂತ್ರ ಅದನ್ನು ಹೊಟ್ಟೆಕಿಚ್ಚು ಮಾಡದೆ ಸರಿಯಾಗಿಯೇ ಹಿಡಿದಿತ್ತು. ಅದೇ ನಮ್ಮನ್ನು ಮೈಮರೆಸಿತು. ಉಪನ್ಯಾಸವನ್ನು ಅದು ಹಾಗೆಯೇ ಬಿಟ್ಟಿತ್ತು, ನಾವೂ ಬಿಟ್ಟೆವು. ನಮ್ಮ ಹುಡುಗಿಯೊಬ್ಬಳಿಗೆ ಎರಡು ವಾರ ಭಾಷಣ ಬಾಯಿಪಾಠ ಮಾಡಿಸಿ ಕರೆದುಕೊಂಡು ಹೋದೆವು. ಅಲ್ಲಿ ಅವಳ ಕೈಗೆ ಕಾಗದ ಕೊಟ್ಟರು. ಮಲಯಾಳದ ಉಪನ್ಯಾಸ ನಮ್ಮ ಪ್ರಬಂಧ! (ಅವರ ಪ್ರಸಂಗವೇ ನಮ್ಮ ಭಾಷಣ. ನಮಗೋ ಪ್ರಸಂಗವೆಂದರೆ ಯಕ್ಷಗಾನ.) ಪಾಪ, ಅವಳು ಬಾಯಿಪಾಠ ಮಾಡಿದ್ದನ್ನೇ 'ಮಾನ್ಯ ತೀರ್ಪುಗಾರರೇ' ಎಂದು ಶುರುಮಾಡಿ ಬರೆದಿಟ್ಟು ಬಂದಳು. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಏಳನೆಯ ತರಗತಿಯ ಹುಡುಗನೊಬ್ಬ, ಮನೆಯಲ್ಲಿ ಮಲಯಾಳ ಮಾತಾಡುವವನು, "ಟೀಚರೇ, ಉಪನ್ಯಾಸಂ ಅಂದ್ರೆ ಬರೆಯುವುದಲ್ವಾ? ನನ್ನತ್ರ ಕೇಳಿದ್ರೆ ಹೇಳ್ತಿದ್ದೆ" ಎಂದ.

ಆ ವಾರದ ಸ್ಟಾಫ್ ಮೀಟಿಂಗಿನಲ್ಲಿ ಜೋರು ಚರ್ಚೆಯಾಯಿತು. ಇದರ ಸಹವಾಸವೇ ಬೇಡ ಎಂದರು ಕೆಲವರು. ಬೇಡವಾದರೆ ನಾಳೆಯ ಸುತ್ತೋಲೆ ಓದುವವರು ಯಾರು ಎಂದು ಹೆಡ್‌ಮಾಷ್ಟ್ರು ಕೇಳಿದಾಗ ಎಲ್ಲರೂ ಸುಮ್ಮನಾದೆವು. ಆಗಲೇ ಇನ್ನೊಂದು ವಿಷಯವೂ ಹೊರಬಿತ್ತು. ವಿದ್ಯಾರ್ಥಿವೇತನದ ಪಟ್ಟಿಯನ್ನು ಮಕ್ಕಳ ಹೆಸರು, ಫೋನ್ ನಂಬರು ಸಮೇತ ನಮ್ಮಲ್ಲೊಬ್ಬರು ಆ ಯಂತ್ರಕ್ಕೆ ಹಾಕಿದ್ದರು. ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ಹಾಕಬಾರದೆಂದು ನಾವು ಮಾತಾಡಿಕೊಂಡಿರಲೇ ಇಲ್ಲ.

ಈಗ ಮಕ್ಕಳ ವಿವರ ಅದಕ್ಕೆ ಕೊಡುವುದಿಲ್ಲ. ಯಂತ್ರದ ಕನ್ನಡವನ್ನು ಮೂಲದ ಪಕ್ಕದಲ್ಲಿಟ್ಟು ಇಬ್ಬರು ಓದದೆ ನೋಟೀಸು ಬೋರ್ಡಿಗೆ ಹಾಕುವುದಿಲ್ಲ. ಎರಡೂ ಭಾಷೆಯಲ್ಲಿರುವ ಒಂದೇ ಪದಕ್ಕೆ ಕೆಂಪು ಗೆರೆ. ಹೋದ ತಿಂಗಳು 'ಅವಧಿ'ಗೆ ಬಿತ್ತು: ಅವರಲ್ಲಿ ಅದು ರಜೆ. ಸಂಶಯ ಬಂದರೆ ನಿವೃತ್ತ ಮಾಷ್ಟ್ರಿಗೆ ಫೋನು. ಅರ್ಧ ನಿಮಿಷದ ಕೆಲಸಕ್ಕೆ ಈಗ ಅರ್ಧ ಗಂಟೆ ಹಿಡಿಯುತ್ತದೆ. ಶನಿವಾರ ಮಧ್ಯಾಹ್ನ ನಾವು ನಾಲ್ಕು ಮಂದಿ ಮಲಯಾಳ ಓದಲು ಕೂರುತ್ತೇವೆ. ತಿದ್ದುವವನು ಅದೇ ಏಳನೆಯ ತರಗತಿಯ ಹುಡುಗ, ಮುಲಾಜಿಲ್ಲದೆ ತಿದ್ದುತ್ತಾನೆ.

ಹುಡುಗಿ ಈ ಸಲವೂ ಹೆಸರು ಕೊಟ್ಟಿದ್ದಾಳೆ. ಕೊಡುವ ಮೊದಲು ಮಲಯಾಳದ ಸೂಚನೆಯನ್ನು ತಾನೇ ನೋಡಬೇಕೆಂದಳು. ತೋರಿಸಿದೆವು.