ಬೆಳಗಾವಿಯಲ್ಲಿ ಮೆಕ್ಸಿಕೋದ ಊಟ

ಕಳೆದ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗಾವಿಯ ಭಕ್ತರೊಬ್ಬರ ಮನೆಗೆ ಹೋಗಿದ್ದೆ. ಅವರ ಮೊಮ್ಮಗಳು ಅಮೇರಿಕೆಯ ಹ್ಯೂಸ್ಟನ್ ನಗರದಿಂದ ರಜೆಗೆಂದು ಬಂದಿದ್ದಳು. ಹದಿನಾಲ್ಕರ ಹುಡುಗಿ. ನಾಲ್ಕು ದಿನಗಳಿಂದ ಎಡೆಯಲ್ಲಿ ರೊಟ್ಟಿಯನ್ನು ಅರ್ಧಕ್ಕೇ ಬಿಡುತ್ತಿದ್ದಳಂತೆ. ಪ್ರಸಾದವನ್ನು ಒಂದು ಅಗುಳೂ ಚೆಲ್ಲದೆ ಎಪ್ಪತ್ತು ವರ್ಷ ಬಾಳಿದ ಅಜ್ಜಿಗೆ ಅದು ದೊಡ್ಡ ಸಂಕಟವಾಗಿತ್ತು. "ಶಾಸ್ತ್ರಿಗಳ, ಈ ಕೂಸಿಗೆ ನಾ ಏನ ಮಾಡಿ ಹಾಕ್ಲಿ?" ಎಂದು ಕಣ್ಣೀರು ತಂದರು. ಹುಡುಗಿ ಮೆಲ್ಲನೆ ನನ್ನನ್ನು ಕೇಳಿದಳು: "ಅಜ್ಜಾ, ಇಲ್ಲಿ ಮೆಕ್ಸಿಕನ್ ಊಟ ಎಲ್ಲಿ ಸಿಗತದ?"

ಹ್ಯೂಸ್ಟನ್ನಿನಲ್ಲಿ ಅದು ಬೀದಿಬೀದಿಗೂ ದೊರೆಯುತ್ತದೆ. ಕಾಳು, ಅನ್ನ, ಗೋವಿನಜೋಳದ ರೊಟ್ಟಿ ಇರುವುದರಿಂದ ನಮ್ಮವರಿಗೂ ಪ್ರಿಯ. ಆದರೆ ಅಲ್ಲಿ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವ ವಾಡಿಕೆಯೂ ಉಂಟು. ಕೇಳದೆ ತಿನ್ನಲಾಗದು. ಮಕ್ಕಳನ್ನು ನೋಡಲು ಆ ಕಡೆ ಹೋಗುವ ಹಿರಿಯರು ಇದನ್ನು ಮರೆಯಬಾರದು. ಬೆಳಗಾವಿಯಲ್ಲಿ ಎಲ್ಲಿ ಎಂದರೆ, ತಿಳಕವಾಡಿಯ ಕಡೆ ಹೊಸ ತಿಂಡಿಯಂಗಡಿಗಳಲ್ಲಿ ಆ ಹೆಸರಿನ ತಿನಿಸು ದೊರೆಯುವುದೆಂದು ಹುಡುಗರು ಹೇಳಿದರು. ನಾನು ಅವಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಬೆಳಿಗ್ಗೆಯೇ ಕಾಯಿಪಲ್ಲೆ ಮಾರುಕಟ್ಟೆಗೆ ಹೊರಟೆವು.

ಅಲ್ಲಿ ಗೆಣಸಿನ ಚೀಲಗಳು ಸಾಲಾಗಿ ಬಿದ್ದಿದ್ದವು. ಬೆಳಗಾವಿ, ಖಾನಾಪುರಗಳ ಕೆಂಪು ನೆಲದ ಬೆಳೆ. ಶಿವರಾತ್ರಿಯ ಉಪವಾಸಕ್ಕೆ ನಾವು ತಿನ್ನುವ ಈ ಗೆಣಸಿನ ಮೂಲ ಅಮೇರಿಕ ಖಂಡ. ಶೇಂಗಾದ ತವರು ದಕ್ಷಿಣ ಅಮೇರಿಕ. ಗೋವಿನಜೋಳ ಮತ್ತು ಮೆಣಸಿನಕಾಯಿಗಳು ಮೆಕ್ಸಿಕೋದ ನೆಲದವು. ಟೊಮೇಟೊ ಎಂಬ ಹೆಸರೇ ಆ ದೇಶದ ಮೂಲನಿವಾಸಿಗಳ ನಹುವಾತಲ್ ಭಾಷೆಯದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಇವುಗಳಲ್ಲಿ ಹಲವು ಪಶ್ಚಿಮ ಕರಾವಳಿಗೆ ಇಳಿದು, ಘಟ್ಟವೇರಿ ನಮ್ಮ ಸೀಮೆಗೆ ಬಂದವು. ಗೋವೆಯಿಂದ ಬಂದುದಕ್ಕೇ ಗೋವಿನಜೋಳ ಎನ್ನುವವರೂ ಉಂಟು. ಮೆಣಸಿನಕಾಯಿ ಎಂಬ ಮಾತನ್ನು ನೋಡಿದರೂ ಸಾಕು: ಮೊದಲಿದ್ದುದು ಮೆಣಸು, ಅದರಂತೆಯೇ ಖಾರವಾದ ಈ ಹೊಸ ಕಾಯಿಗೆ ಹಳೆಯ ಹೆಸರನ್ನೇ ತಗುಲಿಸಿದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆಯಿಸಿದ 'ಮಾನಸೋಲ್ಲಾಸ'ದಲ್ಲಿ ಅಡುಗೆಯ ವರ್ಣನೆ ವಿಪುಲವಾಗಿದೆ, ಮೆಣಸಿನಕಾಯಿ ಇಲ್ಲ. ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿಯೂ ಅದು ಇದ್ದಿರಲಾರದು. ಕೆಂಪು ಖಾರವಿಲ್ಲದ ಪ್ರಸಾದವನ್ನು ಇಂದು ನಾವು ಊಹಿಸಿಕೊಳ್ಳುವುದೂ ಕಷ್ಟ! ಅಷ್ಟೇಕೆ, ನಮ್ಮದೇ ಎನ್ನುವ ಬಿಳಿಜೋಳವೂ ಸಹಸ್ರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು.

ಮಧ್ಯಾಹ್ನ ಖಾನಾವಳಿಯೊಂದರಲ್ಲಿ ಕುಳಿತೆವು. ನಮ್ಮ ಭಾಗದಲ್ಲಿ 'ಲಿಂಗಾಯತ ಖಾನಾವಳಿ' ಎಂಬ ಫಲಕವಿದ್ದರೆ ಸಸ್ಯಾಹಾರವೆಂದು ಬೇರೆ ಬರೆಯಬೇಕಾಗಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ರಂಜಕ, ಹಸಿ ಉಳ್ಳಾಗಡ್ಡಿ, ಮೊಸರು. ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತಿತ್ತು. ಹುಡುಗಿ ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದಳು. ಮೆಕ್ಸಿಕೋದ ತಾಯಂದಿರು ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಕಲ್ಲಿನ ಮೇಲೆ ಅರೆದು, ಅಂಗೈಯಲ್ಲಿ ತಟ್ಟಿ ಮಣ್ಣಿನ ಹೆಂಚಿನ ಮೇಲೆ ಸುಡುತ್ತಿದ್ದರು. ಹಳ್ಳಿಗಳಲ್ಲಿ ಇಂದಿಗೂ ಹೀಗೆ ಮಾಡುವವರಿದ್ದಾರೆ. ಆ ಸುಣ್ಣದಿಂದಲೇ ಧಾನ್ಯದಲ್ಲಿ ಅಡಗಿದ ಜೀವಸತ್ವ ದೇಹಕ್ಕೆ ದಕ್ಕುವುದು. ಈ ವಿಧಾನವನ್ನು ಅರಿಯದೆ ಬರಿಯ ಗೋವಿನಜೋಳವನ್ನೇ ತಿಂದ ಯುರೋಪಿನ ಬಡವರು ಪೆಲ್ಲಾಗ್ರ ಎಂಬ ರೋಗಕ್ಕೆ ತುತ್ತಾದರು.

ಮಠದಲ್ಲಿ ಓದುವಾಗ ನಾವು ಕಂತಿಭಿಕ್ಷೆಗೆ ಹೋಗುತ್ತಿದ್ದೆವು. ಜೋಳಿಗೆಗೆ ಬಿದ್ದ ರೊಟ್ಟಿಯ ದಪ್ಪವನ್ನು ನೋಡಿಯೇ ಅದು ಯಾರ ಮನೆಯದೆಂದು ಹೇಳಬಲ್ಲವನಾಗಿದ್ದೆ. ಇದನ್ನು ಕೇಳಿ ಅವಳು ನಕ್ಕಳು. ಆದರೂ ಆ ದಿನ ಒಂದು ರೊಟ್ಟಿಗಿಂತ ಹೆಚ್ಚು ತಿನ್ನಲಿಲ್ಲ. ಕುಂದಾ ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಸಂಜೆ ಖಾನಾಪುರಕ್ಕೆ ಹೋದೆವು. ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಅಲ್ಲಿಯ ಮಣ್ಣು ಕುಂಬಾರಿಕೆಗೆ ಹೆಸರಾದದ್ದು. ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯೂ ಅಲ್ಲಿಯೇ ಇದೆ. ಶರಣ ಡೋಹರ ಕಕ್ಕಯ್ಯನವರ ನೆನಪನ್ನು ಹೊತ್ತ ಕಕ್ಕೇರಿ ಇದೇ ತಾಲೂಕಿನದು. ಹೊತ್ತು ಮುಳುಗಿದ್ದರಿಂದ ಅಲ್ಲಿಗೆ ಹೋಗಲಾಗಲಿಲ್ಲ. ಒಂದು ಮಣ್ಣಿನ ಹೆಂಚನ್ನು ಕೊಂಡು ಹಿಂದಿರುಗಿದೆವು.

"ಹೊಸಾ ಹಂಚು, ರೊಟ್ಟಿ ಹತ್ತಗೊಂತಾವು" ಎಂದು ಅಜ್ಜಿ ಗೊಣಗಿದರು. ಎರಡು ದಿನ ನೀರಿನಲ್ಲಿ ನೆನೆಸಿ, ಎಣ್ಣೆ ಸವರಿ ಕಾಯಿಸಿ ಪಳಗಿಸಿದರು. ಮೂರನೆಯ ದಿನ ಗೋವಿನಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ಸಣ್ಣ ರೊಟ್ಟಿಗಳನ್ನು ತಟ್ಟಿದರು. ಹುಡುಗಿ ಅದನ್ನು ಮಡಿಚಿ, ಒಳಗೆ ಮಡಿಕೆಕಾಳನ್ನೂ ರಂಜಕವನ್ನೂ ತುಂಬಿ ನಾಲ್ಕು ತಿಂದಳು. ಮರುದಿನ ತಾನೇ ತಟ್ಟಲು ಕುಳಿತಳು. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ಹರಿದುದನ್ನು ಅಜ್ಜಿ ತಮ್ಮ ಎಡೆಗೆ ಹಾಕಿಕೊಂಡರು.

ವಿಮಾನದಲ್ಲಿ ಒಡೆದೀತೆಂದು ಹೆಂಚನ್ನು ಒಯ್ಯಲಿಲ್ಲ. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಅವಳು ಮುಂದಿನ ಸಲ ಬಂದಾಗ ಬೇಕೆಂದು ಅಟ್ಟದ ಮೇಲೆ ಇಟ್ಟಿದ್ದಾರೆ.