ರೋಜಾದ ಮಕ್ಕಳಿಗೆ ಕನ್ನಡ ಕಲಿಸುವವರು ಯಾರು?

ಕಲಬುರಗಿಯ ರೋಜಾ ಪ್ರದೇಶದಲ್ಲಿ ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾನೋ ಅಂಗಡಿಯವನ ಉತ್ತರವೂ ಅದೇ ಭಾಷೆಯಲ್ಲಿ ಬರುತ್ತದೆ. ಖ್ವಾಜಾ ಬಂದೇ ನವಾಜ್ ದರ್ಗಾದ ದಾರಿಯಲ್ಲಿ ಹೂವಿನ ಚಾದರ ಮಾರುವವನನ್ನು ಕಮಲಾಪುರದ ಕಡೆಯ ಹೆಣ್ಣುಮಗಳು “ಎಷ್ಟ್ರೀ ಅಣ್ಣಾ ಇದು?” ಎಂದು ಕೇಳಿದರೆ “ಐವತ್ತ ಕೊಡ್ರಿ ಅಕ್ಕಾ” ಅನ್ನುತ್ತಾನೆ. ಹೈದರಾಬಾದಿನಿಂದ ಬಂದವರು “ಕೈಸೇ ದಿಯೇ ಭಾಯ್?” ಅಂದರೆ ಇಲ್ಲಿಯ ಆಡು ಉರ್ದುವಾದ ದಖನಿಗೆ ಹೊರಳುತ್ತಾನೆ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲೂ ಹೀಗೆಯೇ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಹಣ್ಣಿನ ಗೊನೆ ಕೈ ಬದಲಾಯಿಸುವಾಗ ರೈತನ ಕನ್ನಡವೂ ಬಾಗವಾನರ ದಖನಿಯೂ ಒಂದೇ ವ್ಯಾಪಾರದೊಳಗೆ ಬಂದು ಹೋಗುತ್ತವೆ. ತಾಂಡಾದಿಂದ ಬಂದವರಿದ್ದರೆ ಲಂಬಾಣಿಯೂ ಸೇರುತ್ತದೆ.

ಬಜಾರಿನಲ್ಲಿ ಇಲ್ಲದ ತೊಡಕು ಶಾಲೆಯಲ್ಲಿ, ಕಚೇರಿಯ ಕೌಂಟರಿನಲ್ಲಿ ಎದುರಾಗುತ್ತದೆ. ಅದು ಇಂದು ನಿನ್ನೆಯದಲ್ಲ.

ಕಲಬುರಗಿಯೂ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮನೆಮಾತಿನವರೇ ಬಹುಪಾಲು. ಉರ್ದು ಮನೆಮಾತಿನವರು ನೂರಕ್ಕೆ ಹತ್ತು ಹನ್ನೆರಡು ಜನ. ಆದರೂ 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಬಂದ ಉರ್ದು ಆಡಳಿತದ ಭಾಷೆಯಾಯಿತು, ನ್ಯಾಯಾಲಯದ ಭಾಷೆಯಾಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲೇ ಕೊಟ್ಟಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ ಕಲಿಸಲು ಹೊರಟ ಆ ಸಾಹಸ ಚಿಕ್ಕದೇನಲ್ಲ. ಆದರೆ ಕಲಬುರಗಿ, ಬೀದರ, ರಾಯಚೂರಿನ ಕನ್ನಡದ ಹುಡುಗನಿಗೆ ಅದೊಂದು ಗೋಡೆಯೇ ಆಗಿತ್ತು. ಮನೆಯಲ್ಲಿ ಒಂದು ನುಡಿ, ಪಾಠದಲ್ಲಿ ಇನ್ನೊಂದು. ನೌಕರಿ ಬೇಕಾದರೆ ಎರಡನೆಯದೇ ಗತಿ. 1929ರ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಬಂದ ಮೇಲಂತೂ ಸಾರ್ವಜನಿಕ ಸಭೆಗೂ ಮುಂಚಿತವಾಗಿ ಸರ್ಕಾರದ ಅಪ್ಪಣೆ ಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, 1928ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿಯ ಜನಕ್ಕೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ಇದರಿಂದಲೇ ಅಳೆಯಬಹುದು.

ಆ ಗೋಡೆಯನ್ನು ಹತ್ತಿ ದಾಟಿದವರೂ ಇದ್ದರು. ಈಗಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ಸಂಸ್ಥಾನದ ಆಡಳಿತ ಸೇವೆ ಸೇರಿ, ‘ಕಾವ್ಯಾನಂದ’ರಾಗಿ ಕನ್ನಡದಲ್ಲಿ ಬರೆದರು. 1987ರಲ್ಲಿ ಕಲಬುರಗಿಯಲ್ಲಿ ಮತ್ತೆ ಸಮ್ಮೇಳನ ಸೇರಿದಾಗ ಅಧ್ಯಕ್ಷರ ಪೀಠದಲ್ಲಿ ಕೂತವರು ಅವರೇ. ರಾಯಚೂರು ಸೀಮೆಯ ಶಾಂತರಸರು ಉರ್ದು ಕಾವ್ಯದ ರುಚಿ ಹತ್ತಿಸಿಕೊಂಡು ಕನ್ನಡಕ್ಕೆ ಗಜಲ್ ತಂದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅದನ್ನು ಮುಂದಕ್ಕೆ ಒಯ್ದರು. ಹೇರಿದ ಭಾಷೆಯಿಂದಲೂ ಬೇಕಾದದ್ದನ್ನು ಎತ್ತಿಕೊಂಡ ಈ ತಲೆಮಾರಿನ ದೊಡ್ಡತನಕ್ಕೆ ಕನ್ನಡದ ಉಳಿದ ಸೀಮೆಗಳಿಂದ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಇತ್ತ ದಖನಿಯೂ ಹೊರಗಿನಿಂದ ಬಂದು ತಂಗಿದ ನೆಂಟನಲ್ಲ. ಬಂದೇ ನವಾಜರು ಫಿರೋಜ್ ಷಾ ಬಹಮನಿಯ ಕಾಲದಲ್ಲಿ ದೆಹಲಿಯಿಂದ ಇಲ್ಲಿಗೆ ಬಂದು 1422ರಲ್ಲಿ ತೀರಿಕೊಂಡರು. ಅಂದಿನಿಂದ ಲೆಕ್ಕ ಹಾಕಿದರೂ ದಖನಿ ಇಲ್ಲಿ ನೆಲೆಸಿ ಆರುನೂರು ವರ್ಷಗಳಾದವು. ಬೀದರ ಜಿಲ್ಲೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೇಮಾನ್ ಖತೀಬರು ಇದೇ ನೆಲದ ಹೆಂಗಸರ, ದುಡಿಯುವವರ ಆಡುಮಾತಿನಲ್ಲಿ ಹಾಸ್ಯಕವಿತೆ ಕಟ್ಟಿದರು. ಉರ್ದುವಿನ ಹೆಸರಾಂತ ಹಾಸ್ಯ ಲೇಖಕ ಮುಜ್ತಬಾ ಹುಸೇನರ ಹುಟ್ಟೂರೂ ಕಲಬುರಗಿ ಜಿಲ್ಲೆಯಲ್ಲಿಯೇ ಇದೆ.

1948 ಎರಡೂ ಕಡೆಗೆ ಗಾಯ ಮಾಡಿತು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ಇಲ್ಲಿಯ ಮನೆಗಳು ಮರೆತಿಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪಂಡಿತ್ ಸುಂದರಲಾಲ್ ಸಮಿತಿ ದಾಖಲಿಸಿತು. ಹೆಚ್ಚು ನಲುಗಿದ ಜಿಲ್ಲೆಗಳ ಪೈಕಿ ಕಲಬುರಗಿ, ಬೀದರಗಳ ಹೆಸರೂ ಅದರಲ್ಲಿತ್ತು. ಭಾಷೆಗೆ ಧರ್ಮದ ಹಣೆಪಟ್ಟಿ ಬಲವಾಗಿ ಅಂಟಿದ್ದು ಆಗ. 1956ರಲ್ಲಿ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು, ಕನ್ನಡ ಕಚೇರಿಯೊಳಗೆ ಬಂತು, ನ್ಯಾಯ ಸಂದಿತು. ಆದರೆ ಗೋಡೆಯ ಆಚೆಗೆ ನಿಲ್ಲುವ ಸರದಿ ಈಗ ರೋಜಾದ ಹುಡುಗನದಾಯಿತು.

ಇಂಥ ಅದಲುಬದಲನ್ನು ಕೆನಡಾವೂ ಕಂಡಿದೆ. 1912ರಲ್ಲಿ ಒಂಟಾರಿಯೊ ಪ್ರಾಂತ ಶಾಲೆಯ ಮೊದಲ ಎರಡು ವರ್ಷಗಳ ನಂತರ ಫ್ರೆಂಚ್ ಮಾಧ್ಯಮ ಬೇಡವೆಂದು ನಿಯಮ ಮಾಡಿತು. ಫ್ರೆಂಚರೇ ಬಹುಸಂಖ್ಯಾತರಾಗಿದ್ದ ಕ್ವಿಬೆಕ್‌ನಲ್ಲಿ ಕೂಡ ದೊಡ್ಡ ಸಂಬಳದ ಹುದ್ದೆಗಳ ಮಾತು ಇಂಗ್ಲಿಷೇ ಆಗಿತ್ತು. 1969ರಲ್ಲಿ ಒಕ್ಕೂಟ ಸರ್ಕಾರ ಎರಡೂ ಭಾಷೆಗಳಿಗೆ ಸಮಾನ ಸ್ಥಾನ ಕೊಟ್ಟಿತು. 1977ರಲ್ಲಿ ಕ್ವಿಬೆಕ್ ತನ್ನ ಕಾನೂನಿನಿಂದ ಕೆಲಸದ ಜಾಗ, ಅಂಗಡಿಯ ಫಲಕ, ಶಾಲೆಗಳನ್ನು ಫ್ರೆಂಚ್ ಕಡೆಗೆ ತಿರುಗಿಸಿತು. ಆಗ ಅಲ್ಲಿನ ಇಂಗ್ಲಿಷರು ಕಳವಳಪಟ್ಟರು. ಅನೇಕರು ಪ್ರಾಂತವನ್ನೇ ಬಿಟ್ಟರು. 1995ರ ಜನಮತಗಣನೆಯಲ್ಲಿ ಕ್ವಿಬೆಕ್ ಬೇರೆಯಾಗುವುದು ಬೇಡ ಎಂದವರು ಶೇ 50.58, ದೇಶ ಒಡೆಯದೆ ಉಳಿದದ್ದು ಕೂದಲೆಳೆಯ ಅಂತರದಲ್ಲಿ.

ಕಲಬುರಗಿಗೆ ಬೇಕಾದ ಪಾಠ ಇರುವುದು ಆ ಗದ್ದಲಕ್ಕಿಂತ ಹಿಂದೆ, ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ. ಫ್ರೆಂಚ್ ಬಾರದೆ ಇನ್ನು ಬದುಕು ಸಾಗದು ಎಂದು ಅರಿತ ಇಂಗ್ಲಿಷ್ ಮನೆಮಾತಿನ ತಂದೆತಾಯಂದಿರು 1965ರಲ್ಲಿ ಶಾಲಾ ಮಂಡಳಿಯನ್ನು ಒಪ್ಪಿಸಿ ತಮ್ಮ ಮಕ್ಕಳಿಗೆ ಶಿಶುವರ್ಗದಿಂದಲೇ ಫ್ರೆಂಚಿನಲ್ಲಿ ಪಾಠ ಹೇಳಿಸಿದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಫ್ರೆಂಚ್ ಚೆನ್ನಾಗಿ ಬಂತು, ಇಂಗ್ಲಿಷೂ ಕುಂದಲಿಲ್ಲ. ಯಾರ ಹೆದರಿಕೆಯೂ ಇಲ್ಲದೆ, ಒಳ್ಳೆಯ ಶಿಕ್ಷಕರ ಕೈಯಲ್ಲಿ ಆದ ಕೆಲಸ ಅದು.

ಕರ್ನಾಟಕದಲ್ಲಿ ಭಾಷೆಯ ಜಗಳ ಬೀದಿಗೆ ಬಿದ್ದಾಗ ಏನಾಯಿತೆಂಬುದು ಗೊತ್ತಿದೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದ್ದಕ್ಕೆ ಗಲಭೆಯೆದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದರಿಂದ ಒಂದು ಮಗುವಿಗೂ ಕನ್ನಡದ ಒಂದಕ್ಷರ ಹೆಚ್ಚು ಬರಲಿಲ್ಲ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಉರ್ದು ಮನೆಮಾತಿನವರು ನೂರಕ್ಕೆ ಸುಮಾರು ಹನ್ನೊಂದು. ಉರ್ದು ಮಾಧ್ಯಮದ ಶಾಲೆಗಳಲ್ಲಿ ಕನ್ನಡ ಒಂದು ವಿಷಯವಾಗಿ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಎಲ್ಲ ಶಾಲೆಗಳಲ್ಲೂ ಅದನ್ನು ಕಡ್ಡಾಯ ಮಾಡಿದೆ. ಕಡ್ಡಾಯ ಮಾಡಿದ್ದು ಸರಿ. ಆದರೆ ಬಜಾರಿನಲ್ಲಿ ನಿರಾಳವಾಗಿ ಕನ್ನಡ ಆಡುವ ಹುಡುಗ ಅರ್ಜಿ ಬರೆಯುವಾಗ ತಡವರಿಸುತ್ತಾನೆ. ಪಠ್ಯದ ಕನ್ನಡಕ್ಕೂ ಅವನ ಕಿವಿಗೆ ಬಿದ್ದ ಕಲಬುರಗಿಯ ಕನ್ನಡಕ್ಕೂ ನಡುವೆ ಸೇತುವೆ ಕಟ್ಟಿಕೊಟ್ಟವರಿಲ್ಲ. ಕಮಲಾಪುರದ ತಾಂಡಾದ ಹುಡುಗಿಯ ಕಷ್ಟವೂ ಇದೇ. ಇದರಿಂದ ನಷ್ಟ ಎಲ್ಲಿ ಆಗುತ್ತದೆ ಎಂದರೆ, ಸಂವಿಧಾನದ 371(ಜೆ) ವಿಧಿ ಕೊಟ್ಟ ಅವಕಾಶದಲ್ಲಿ. 2012ರಲ್ಲಿ ಸಂಸತ್ತು ಒಪ್ಪಿದ ಆ ತಿದ್ದುಪಡಿ ಈ ಭಾಗದವರಿಗೆ ನೌಕರಿಯಲ್ಲಿ ಸ್ಥಳೀಯ ಮೀಸಲಾತಿ ತಂದಿತು, ರೋಜಾದವರಿಗೂ. ಆದರೆ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಮುಖ್ಯ ಪರೀಕ್ಷೆಯಲ್ಲಿ ಕಡ್ಡಾಯ ಕನ್ನಡ ಪತ್ರಿಕೆ ದಾಟದಿದ್ದರೆ ಉಳಿದ ಅಂಕಗಳು ಲೆಕ್ಕಕ್ಕೇ ಬರುವುದಿಲ್ಲ. ಉಸ್ಮಾನಿಯಾದ ಬಾಗಿಲಲ್ಲಿ ನಿಂತ ಕನ್ನಡದ ಹುಡುಗನ ಸಂಕಟ ಅರಿತ ಜನ ಈ ಹುಡುಗನನ್ನು “ಕಲಿಯಲು ಮನಸ್ಸಿಲ್ಲದವನು” ಎಂದು ತಳ್ಳಿಹಾಕುವುದು ಅನ್ಯಾಯ.

ಈ ನಡುವೆ ರೋಜಾದಲ್ಲೂ ಕಮಲಾಪುರದಲ್ಲೂ ತಂದೆತಾಯಂದಿರ ಕಣ್ಣು ಇಂಗ್ಲಿಷ್ ಮಾಧ್ಯಮದ ಮೇಲಿದೆ. 2019-20ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ಸರ್ಕಾರವೂ ಹೊರಟಿತು. ಕನ್ನಡಕ್ಕೂ ಉರ್ದುವಿಗೂ ಮಕ್ಕಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಇವೆರಡರ ಹಳೆಯ ಲೆಕ್ಕ ತೆಗೆದು ಕೂರುವುದಕ್ಕಿಂತ ಮಾಡಬಹುದಾದ ಕೆಲಸವೊಂದು ಕೈಗೆಟಕುವಂತಿದೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನವೂ ಇದೆ, ಉರ್ದು ವಿಭಾಗವೂ ಇದೆ. ಎರಡೂ ಸೇರಿ ಉರ್ದು ಶಾಲೆಯ ಒಂದನೇ ತರಗತಿಗೆಂದೇ ಒಂದು ಕನ್ನಡ ಪುಸ್ತಕ ಬರೆಯಲಿ, ದಖನಿ ಬಲ್ಲ ಕನ್ನಡ ಶಿಕ್ಷಕರನ್ನು ತಯಾರು ಮಾಡಲಿ. ಮೊದಲ ಪ್ರಯೋಗಕ್ಕೆ ರೋಜಾದ ಒಂದು ಸರ್ಕಾರಿ ಶಾಲೆ ಸಾಕು.