ಬಸ್ಸಿನಲ್ಲಿ ಬಂದ ಪಾರ್ಸೆಲ್

ಕಲ್ಯಾಣಪುರ ಸಂತೆಕಟ್ಟೆಯಲ್ಲಿ ಅಪ್ಪನಿಗೆ ಸಣ್ಣದೊಂದು ಅಂಗಡಿ ಇತ್ತು. ಉಡುಪಿ-ಕುಂದಾಪುರ ಬಸ್ಸಿನ ಕಂಡಕ್ಟರುಗಳು ಊರವರ ಪಾರ್ಸೆಲ್‌ಗಳನ್ನು ಅಲ್ಲೇ ಇಳಿಸಿ ಹೋಗುತ್ತಿದ್ದರು. "ಯಾರದ್ದು? ಯಾರಿಗೆ? ಒಳಗೆ ಎಂತ ಉಂಟು?" ಎಂದು ಕೇಳದೆ ಅಪ್ಪ ಒಂದನ್ನೂ ಒಳಗಿಡುತ್ತಿರಲಿಲ್ಲ. ನನಗದು ಅತಿ ಅನ್ನಿಸುತ್ತಿತ್ತು.

2016ರಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಜಾವಾದಲ್ಲಿ ಚಾಟ್ ಆ್ಯಪ್ ಮಾಡಿದೆ. ಬಳಸಿದ್ದು ಆರ್‌ಎಂಐ. ಅಂದರೆ ಮೆಸೇಜನ್ನು ಬರೀ ಅಕ್ಷರಗಳಾಗಿ ಕಳಿಸುವುದಲ್ಲ. ಹೆಸರು, ಸಮಯ, ಫೋಟೋ ಎಲ್ಲ ಸೇರಿದ ಇಡೀ ಆಬ್ಜೆಕ್ಟನ್ನೇ ಕಟ್ಟಿ ಕಳಿಸುವುದು. ಆ ಕಡೆಯ ಕಂಪ್ಯೂಟರ್ ಅದನ್ನು ಬಿಚ್ಚಿ ಮೊದಲಿನಂತೆ ಜೋಡಿಸಿಕೊಳ್ಳುತ್ತದೆ. ಕೋಡ್ ಬರೆಯುವವನಿಗೆ ಬಹಳ ಸುಲಭ. ಮೇಲಿಂದ ಎನ್‌ಕ್ರಿಪ್ಷನ್ ಕೂಡ ಹಾಕಿದ್ದೆ. "ಯಾರಿಗೂ ಓದ್ಲಿಕ್ಕೆ ಆಗುದಿಲ್ಲ, ಧೈರ್ಯವಾಗಿ ಮಾತಾಡಿ" ಎಂದು ತಂಗಿಗೂ ಅವಳ ಗೆಳತಿಯರಿಗೂ ಕೊಟ್ಟೆ. ಸರ್ವರ್ ಎಂದರೆ ನಮ್ಮ ಮನೆಯ ಹಳೇ ಕಂಪ್ಯೂಟರ್.

ಒಂದು ಸಂಜೆ ಗೆಳೆಯ ಮನೆಗೆ ಬಂದವನು, "ಇಲ್ಲಿ ನೋಡು ಮಾರಾಯ" ಎಂದು ತನ್ನ ಲ್ಯಾಪ್‌ಟಾಪಿನಿಂದ ಏನೋ ಕಳಿಸಿದ. ನಮ್ಮ ಕಂಪ್ಯೂಟರಿನಲ್ಲಿ ಕ್ಯಾಲ್ಕುಲೇಟರ್ ತಾನಾಗಿ ತೆರೆದುಕೊಂಡಿತು! "ಇದರ ಬದಲು ಎಲ್ಲ ಚಾಟ್ ನಕಲು ಮಾಡು ಅಂತ ಹೇಳಿದ್ರೂ ಮಾಡ್ತಿತ್ತು" ಎಂದ.

ಆದದ್ದಿಷ್ಟು. ಜಾವಾ ಮೊದಲು ಆಬ್ಜೆಕ್ಟನ್ನು ಬಿಚ್ಚಿ ಜೋಡಿಸುತ್ತದೆ. ಇದು ನಮಗೆ ಬೇಕಾದ ಮೆಸೇಜೇ ಹೌದಾ ಎಂದು ನೋಡುವುದು ಆಮೇಲೆ. ಜೋಡಿಸುವಾಗಲೇ ಸ್ವಲ್ಪ ಕೋಡ್ ಓಡುತ್ತದೆ. ನನ್ನ ಪ್ರಾಜೆಕ್ಟಿನಲ್ಲಿ ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಲೈಬ್ರರಿಯ ಹಳೇ ಆವೃತ್ತಿ ಇತ್ತು. ಅದರ ತುಣುಕುಗಳನ್ನೇ ಸರಪಳಿ ಮಾಡಿ ಬೇಕಾದ ಕಮಾಂಡ್ ಓಡಿಸಬಹುದು ಎಂಬುದು 2015ರಲ್ಲೇ ಬಯಲಾಗಿತ್ತು. ನನಗೆ ಗೊತ್ತಿರಲಿಲ್ಲ. ಎನ್‌ಕ್ರಿಪ್ಷನ್ ದಾರಿಯ ಕಳ್ಳನನ್ನು ತಡೆಯುತ್ತದೆ, ನಿಜ. ಕಳಿಸಿದವನೇ ಕಳ್ಳನಾದರೆ ಅವನ ಪಾರ್ಸೆಲನ್ನೂ ಅದು ಜೋಪಾನವಾಗಿ ಮನೆಗೇ ಮುಟ್ಟಿಸುತ್ತದೆ.

ತಂಗಿಗೆ ಹೇಳಲೇಬೇಕಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾವು ಬರೆದದ್ದನ್ನು ಬೇರೆ ಯಾರಾದ್ರೂ ಓದಿರಬಹುದಾ ಅಣ್ಣಾ?" ಎಂದಳು. ನಾನು ಲಾಗ್ ಕೂಡ ಇಟ್ಟಿರಲಿಲ್ಲ. "ಗೊತ್ತಿಲ್ಲ" ಎಂದೆ. ಅವಳು ಮತ್ತೆ ಆ ಆ್ಯಪ್ ತೆರೆಯಲಿಲ್ಲ.

ಆಮೇಲೆ ಆರ್‌ಎಂಐ ತೆಗೆದು, ಬರೀ ಪಠ್ಯ ಕಳಿಸುವ ಹಾಗೆ ಮಾಡಿದೆ. 2017ರಲ್ಲಿ ಬಂದ ಜಾವಾ 9ರಲ್ಲಿ, ಯಾವ ಬಗೆಯ ಆಬ್ಜೆಕ್ಟನ್ನು ಒಳಗೆ ಬಿಡಬಹುದು ಎಂದು ಬಿಚ್ಚುವ ಮೊದಲೇ ಪಟ್ಟಿ ಕೊಡುವ ಫಿಲ್ಟರ್ ಬಂತು.

ಪಠ್ಯವಾದರೆ ಭಯವಿಲ್ಲ ಎಂದುಕೊಂಡಿದ್ದೆ. ಡಿಸೆಂಬರ್ 2021ರಲ್ಲಿ ಅದೂ ಸುಳ್ಳಾಯಿತು. ಮೈನ್‌ಕ್ರಾಫ್ಟ್ ಆಟದ ಚಾಟಿನಲ್ಲಿ ಒಂದೇ ಸಾಲು ಟೈಪ್ ಮಾಡಿದರೂ ಸರ್ವರ್ ಬೇರೆಯವರ ಕೈಗೆ ಹೋಗಬಹುದಿತ್ತು. ಲಾಗ್‌ಫೋರ್‌ಜೆ ಎಂಬ ಲೈಬ್ರರಿ ಆ ಸಾಲನ್ನು ಸುಮ್ಮನೆ ಬರೆದಿಟ್ಟುಕೊಳ್ಳುವ ಬದಲು, ಅದರಲ್ಲಿ ಹೇಳಿದ ಕಡೆಯಿಂದ ಆಬ್ಜೆಕ್ಟ್ ತರಿಸಿಕೊಳ್ಳಲು ಹೊರಡುತ್ತಿತ್ತು. ಆ ವಾರ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ.

ಈಗ ಯಾರ ಕೋಡ್ ನೋಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಹೊರಗಿಂದ ಬಂದದ್ದನ್ನು ಬಿಚ್ಚುವ ಮೊದಲು ಕೇಳ್ತೀರಾ, ಬಿಚ್ಚಿದ ಮೇಲಾ?

ಅಪ್ಪ ಪಾರ್ಸೆಲ್ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತಿದ್ದರು.